ಗರ್ಭಿಣಿಯರೇ, ಅಂಗೈ ಅಂಗಾಲು ತುರಿಸುತ್ತಿದ್ದರೆ ಮುಲಾಮು ಕೊಳ್ಳಲು ಹೋಗಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಆ ಮುಲಾಮು ಇನ್ನೂ ಮಾರಾಟವಾಗುತ್ತಿದೆ, ಅದರ ಪ್ರಚಾರದಲ್ಲಿ ನನ್ನ ಮಾತೂ ಇದೆ. ಅದು ಹೇಗೆ ಅಲ್ಲಿ ಸೇರಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

31ನೇ ವಾರದಲ್ಲಿ ತುರಿಕೆ ಶುರುವಾಯಿತು. ಮೊದಲು ಅಂಗಾಲು, ಆಮೇಲೆ ಅಂಗೈ, ನಂತರ ಹೊಟ್ಟೆ, ತೊಡೆ. ಹಗಲು ಹೇಗೋ ತಡೆದುಕೊಳ್ಳುತ್ತಿದ್ದೆ. ರಾತ್ರಿ ಮಾತ್ರ ಎದ್ದು ಕುಳಿತು ಬಾಚಣಿಗೆಯಿಂದ ಅಂಗಾಲು ಕೆರೆದುಕೊಳ್ಳುತ್ತಿದ್ದೆ. ಗುಳ್ಳೆ ಇಲ್ಲ, ದದ್ದು ಇಲ್ಲ, ಉಗುರಿನ ಗೀರುಗಳು ಮಾತ್ರ. ಹೊಟ್ಟೆ ಬೆಳೆಯುವಾಗ ಚರ್ಮ ಹಿಗ್ಗಿ ತುರಿಸುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ನಾನೂ ಹಾಗೆಂದುಕೊಂಡೆ.

ಆಗ ಮೊಬೈಲಿನಲ್ಲಿ ಕಣ್ಣಿಗೆ ಬಿದ್ದದ್ದು ಈ ಮುಲಾಮು. ಗರ್ಭಿಣಿಯರಿಗೆಂದೇ ತಯಾರಿಸಿದ್ದು, ನೂರಕ್ಕೆ ನೂರು ನೈಸರ್ಗಿಕ. ಮಾರುವವಳು ಸಂದೇಶದಲ್ಲೇ ಮಾತನಾಡಿಸಿದಳು: 'ಅಕ್ಕಾ, ಚಿಂತೆ ಬಿಡಿ, ಎಷ್ಟೋ ತಾಯಂದಿರಿಗೆ ಗುಣವಾಗಿದೆ.' ಜೊತೆಗೆ ಒಬ್ಬರ ಹೊಟ್ಟೆಯ ಎರಡು ಚಿತ್ರ ಕಳುಹಿಸಿದಳು. ಮೊದಲನೆಯದರಲ್ಲಿ ಹಿಗ್ಗಿದ ಗೆರೆಗಳ ಉದ್ದಕ್ಕೂ ಕೆಂಪು ಗುಳ್ಳೆಗಳು, ಹೊಕ್ಕುಳ ಸುತ್ತ ಮಾತ್ರ ಬಿಟ್ಟಿವೆ. ಎರಡನೆಯದರಲ್ಲಿ ಚರ್ಮ ತಿಳಿಯಾಗಿದೆ. ನನಗೆ ಗುಳ್ಳೆಯೇ ಇಲ್ಲವಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. ಹಣ ಕಳುಹಿಸಿದೆ.

ಡಬ್ಬಿಯ ಮೇಲೆ 'ಗಿಡಮೂಲಿಕೆಗಳ ಸಾರ' ಎಂದಷ್ಟೇ ಇತ್ತು. ಯಾವ ಗಿಡ, ಯಾವ ಮೂಲಿಕೆ ಎಂದು ಕೇಳಿದೆ. 'ಅದು ನಮ್ಮ ಮನೆತನದ ಗುಟ್ಟು ಅಕ್ಕಾ' ಎಂದಳು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ದಿನಕ್ಕೆ ಮೂರು ಸಲ ಹಚ್ಚಿದೆ. ಆರನೆಯ ದಿನ ಕೇಳಿದೆ: 'ಹೊಟ್ಟೆಗಿಂತ ಅಂಗಾಲೇ ಹೆಚ್ಚು ತುರಿಸುತ್ತಿದೆ. ಅಂಗಾಲಿನ ಚರ್ಮ ಹಿಗ್ಗುವುದಿಲ್ಲವಲ್ಲ?' ಎಷ್ಟು ಸರಿಯಾದ ಪ್ರಶ್ನೆ ಕೇಳಿದ್ದೆ ನೋಡಿ! ಅದಕ್ಕೆ ಬಂದ ಉತ್ತರ: 'ಒಳಗಿನ ವಿಷ ಅಂಗಾಲಿನಿಂದ ಹೊರಹೋಗುತ್ತಿದೆ ಅಕ್ಕಾ. ಒಳ್ಳೆಯ ಲಕ್ಷಣ. ಇನ್ನೂ ದಪ್ಪಗೆ ಹಚ್ಚಿ.' ಒಳ್ಳೆಯ ಲಕ್ಷಣ! ನಾನು ಸಮಾಧಾನಪಟ್ಟುಕೊಂಡು ಇನ್ನೊಂದು ಡಬ್ಬಿ ತರಿಸಿದೆ. ಅಷ್ಟೇ ಅಲ್ಲ, ಆಸ್ಪತ್ರೆಯಿಂದ ಫೋನ್ ಮಾಡಿ ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ 'ಏನೂ ಇಲ್ಲ' ಎಂದೆ. ತುರಿಕೆಯಂಥ ಚಿಕ್ಕ ವಿಷಯ ಹೇಳಲು ಸಂಕೋಚವಾಗಿತ್ತು. ಇದೇ ನನಗೆ ಇವತ್ತಿಗೂ ಚುಚ್ಚುವುದು.

14 ದಿನ ಹೀಗೇ ಕಳೆದವು. 33ನೇ ವಾರದ ತಪಾಸಣೆಯಲ್ಲಿ ರಕ್ತದೊತ್ತಡ ನೋಡಲು ತೋಳು ಚಾಚಿದಾಗ ವೈದ್ಯೆ ಗೀರುಗಳನ್ನು ಕಂಡರು. 'ಗುಳ್ಳೆ ಎಲ್ಲೆಲ್ಲಿ ಇವೆ, ತೋರಿಸಿ' ಎಂದರು. ತೋರಿಸಲು ಒಂದೂ ಇರಲಿಲ್ಲ. ಅವರ ಮುಖ ಬದಲಾಯಿತು. 'ರಾತ್ರಿ ಹೆಚ್ಚೇ? ಅಂಗೈ, ಅಂಗಾಲೇ?' ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು. ಎರಡು ವಾರ ನಾನು ಇದನ್ನೇ, ಇದೇ ಮಾತುಗಳಲ್ಲಿ, ಮುಲಾಮು ಮಾರುವವಳಿಗೆ ಬರೆದಿದ್ದೆ.

ಅದು ಚರ್ಮದ ಕಾಯಿಲೆಯೇ ಅಲ್ಲ. ಗರ್ಭಾವಸ್ಥೆಯ ಕೊಲೆಸ್ಟಾಸಿಸ್. ಯಕೃತ್ತಿನಿಂದ ಪಿತ್ತರಸ ಸರಾಗವಾಗಿ ಹರಿಯದೆ ಪಿತ್ತಾಮ್ಲಗಳು ರಕ್ತದಲ್ಲಿ ಹೆಚ್ಚುತ್ತವೆ. ರಕ್ತ ಪರೀಕ್ಷೆಯಲ್ಲಿ ನನ್ನ ಪಿತ್ತಾಮ್ಲ ಲೀಟರಿಗೆ 64 ಮೈಕ್ರೋಮೋಲ್ ಇತ್ತು. 100 ಮುಟ್ಟಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಏರುತ್ತದೆ, ಆಗ 35-36ನೇ ವಾರಕ್ಕೇ ಹೆರಿಗೆ ಮಾಡಿಸುತ್ತಾರೆ ಎಂದು ವೈದ್ಯೆ ಹೇಳಿದಾಗ ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಮಾತ್ರೆ ಕೊಟ್ಟರು, 'ಇದರಿಂದ ತುರಿಕೆ ಪೂರ್ತಿ ಹೋಗುತ್ತದೆಂದು ಭರವಸೆ ಕೊಡಲಾರೆ' ಎಂದೂ ಹೇಳಿದರು. ಮತ್ತೆ ಮತ್ತೆ ರಕ್ತ ಪರೀಕ್ಷೆಯಾಯಿತು. 37ನೇ ವಾರದಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗಳು ಚೆನ್ನಾಗಿದ್ದಾಳೆ. ಕೆಲವೇ ದಿನಗಳಲ್ಲಿ ತುರಿಕೆ ತಾನಾಗಿ ಹೋಯಿತು.

ಆ ಚಿತ್ರದಲ್ಲಿದ್ದದ್ದು ಬೇರೆಯೇ ತೊಂದರೆ ಎಂದೂ ಆಗ ತಿಳಿಯಿತು. ಹಿಗ್ಗಿದ ಗೆರೆಗಳಲ್ಲಿ ಹುಟ್ಟಿ ಹೊಕ್ಕುಳನ್ನು ಬಿಟ್ಟು ಹರಡುವ ಅಂಥ ಗುಳ್ಳೆಗಳು ಹೆಚ್ಚಾಗಿ ಮೊದಲ ಬಸಿರಿನ ಕೊನೆಯ ತಿಂಗಳುಗಳಲ್ಲಿ ಬರುತ್ತವೆ, ಮಗುವಿಗೆ ಅವುಗಳಿಂದ ಹಾನಿಯಿಲ್ಲ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿ ಅಡಗುತ್ತವೆ. ಏನನ್ನು ಹಚ್ಚಿದರೂ ಅಡಗುತ್ತವೆ, ಹಚ್ಚದಿದ್ದರೂ ಅಡಗುತ್ತವೆ! ಅದರ ಕೀರ್ತಿಯನ್ನು ಡಬ್ಬಿಗೆ ಅಂಟಿಸಿ ನನಗೆ ಮಾರಿದ್ದಳು.

ಅವಳಿಗೆ ವರದಿ ಕಳುಹಿಸಿದೆ. 'ಅಕ್ಕಾ' ಹೋಗಿ 'ಮೇಡಂ' ಬಂತು. 'ಮೇಡಂ, ನಾವು ಔಷಧ ಎಂದು ಎಲ್ಲಿಯೂ ಹೇಳಿಲ್ಲ. ನೀವು ವೈದ್ಯರನ್ನು ಕೇಳಬೇಕಿತ್ತು.' ಹಾಗಾದರೆ ವಿಷ ಹೊರಹೋಗುತ್ತಿದೆ ಎಂದದ್ದು ಯಾರು? ಅದಕ್ಕೆ: 'ಎಲ್ಲರ ದೇಹ ಒಂದೇ ರೀತಿ ಇರುವುದಿಲ್ಲ ಮೇಡಂ.' ಅದರಲ್ಲಿ ಏನಿದೆ ಎಂದು ಈಗಲಾದರೂ ಹೇಳಿ ಎಂದೆ. ಉತ್ತರವಿಲ್ಲ. ಹೀಗೆ ಹೆಸರು ದಿಕ್ಕಿಲ್ಲದ ಮುಲಾಮುಗಳಲ್ಲಿ ತೀಕ್ಷ್ಣ ಸ್ಟೆರಾಯ್ಡ್, ಬಂಗು ಹೋಗಿಸುತ್ತೇವೆ ಎನ್ನುವವುಗಳಲ್ಲಿ ಹೈಡ್ರೋಕ್ವಿನೋನ್, ಪಾದರಸ ಕೂಡ ಸಿಕ್ಕಿರುವುದುಂಟು. ಪಾದರಸ ತಾಯಿಯ ರಕ್ತದಿಂದ ಮಗುವನ್ನು ತಲುಪುತ್ತದೆ. ನಾನು ಹಚ್ಚಿಕೊಂಡದ್ದು ಏನೆಂದು ನನಗೆ ಇನ್ನೂ ಗೊತ್ತಿಲ್ಲ.

ಗುಳ್ಳೆಯಿಲ್ಲದೆ ತುರಿಸಿದರೆ, ಅದರಲ್ಲೂ ಅಂಗೈ ಅಂಗಾಲು ರಾತ್ರಿ ತುರಿಸಿದರೆ, ಬೆಳಗಾಗುತ್ತಲೇ ವೈದ್ಯರಿಗೆ ತಿಳಿಸಿ, ಪಿತ್ತಾಮ್ಲದ ಪರೀಕ್ಷೆ ಕೇಳಿ. ಹೊಕ್ಕುಳ ಸುತ್ತ ನೀರುಗುಳ್ಳೆ ಎದ್ದರೂ ತೋರಿಸಿ, ಅದು ಇನ್ನೊಂದು ಅಪರೂಪದ ಕಾಯಿಲೆ ಇರಬಹುದು. ಒಮ್ಮೆ ಕೊಲೆಸ್ಟಾಸಿಸ್ ಆದವರಿಗೆ ಮುಂದಿನ ಬಸಿರಿನಲ್ಲೂ ಅದು ಮರುಕಳಿಸುವುದು ಹೆಚ್ಚು, ಮೊದಲೇ ಹೇಳಿಡಿ. ಗುಟ್ಟು ಎನ್ನುವವರ ಡಬ್ಬಿ ಮುಟ್ಟಬೇಡಿ.

ಇನ್ನು ನನ್ನ ಮಾತು. ಮೂರನೆಯ ದಿನ ಅವಳಿಗೆ 'ಹಚ್ಚಿದ ಕೂಡಲೇ ಸ್ವಲ್ಪ ತಂಪೆನಿಸುತ್ತದೆ' ಎಂದು ಬರೆದಿದ್ದೆ. ಅದನ್ನು ಕತ್ತರಿಸಿ, 'ಏಳು ತಿಂಗಳ ಗರ್ಭಿಣಿಯೊಬ್ಬರ ಅನುಭವ' ಎಂದು ಪ್ರಚಾರದಲ್ಲಿ ಹಾಕಿದ್ದಾಳೆ. ತೆಗೆಯಿರಿ ಎಂದು ನಾಲ್ಕು ಸಲ ಬರೆದೆ, ಐದನೆಯ ಸಲಕ್ಕೆ ನನ್ನ ಸಂದೇಶಗಳು ಹೋಗದಂತೆ ಮಾಡಿದಳು. ಅದನ್ನು ಓದಿ ಯಾರಾದರೂ ಹಣ ಕಳುಹಿಸಲು ಹೊರಟಿದ್ದರೆ, ಆ ಏಳು ತಿಂಗಳ ಗರ್ಭಿಣಿ ನಾನೇ. ನನಗೆ ಗುಣವಾಗಿರಲಿಲ್ಲ.