ನಿಮ್ಮ ಹಾಡಿಗೆ ಯಾವ ಲೈಸೆನ್ಸ್?
ಏನೂ ಆರಿಸದೆ ಹಾಡನ್ನು ಆನ್‌ಲೈನ್‌ಗೆ ಹಾಕಿದರೆ ಎಲ್ಲ ಹಕ್ಕೂ ನಿಮ್ಮದೇ. ಬಳಸುವವರು ನಿಮ್ಮನ್ನು ಕೇಳಲೇಬೇಕು. ಅಷ್ಟು ಬಿಗಿ ಬೇಡ ಅನ್ನುವವರಿಗೆ 2002ರಿಂದ, ಹಾಡನ್ನು ಹೇಗೆ ಬಳಸಬಹುದೆಂದು ಎಲ್ಲರಿಗೂ ಮೊದಲೇ ಹೇಳಿಬಿಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್‌ಗಳಿವೆ.

ಸಿಸಿ ಬೈ: ನಿಮ್ಮ ಹೆಸರು ಹಾಕಿದರೆ ಸಾಕು. ರೀಮಿಕ್ಸ್, ಜಾಹೀರಾತು, ಮಾರಾಟ ಎಲ್ಲಕ್ಕೂ ಒಪ್ಪಿಗೆ. ಹಾಡು ಜಾಸ್ತಿ ಜನರನ್ನು ಮುಟ್ಟಬೇಕೆಂದರೆ ನನ್ನ ಓಟು ಇದಕ್ಕೇ.

ಬೈ-ಎಸ್‌ಎ: ಅದೇ, ಆದರೆ ರೀಮಿಕ್ಸ್ ಮಾಡಿ ಹಂಚುವವರು ತಮ್ಮದನ್ನೂ ಇದೇ ಷರತ್ತಿಗೆ ಕೊಡಬೇಕು.

ಬೈ-ಎನ್‌ಸಿ: ವ್ಯಾಪಾರಕ್ಕೆ ಬಳಸುವಂತಿಲ್ಲ. ಸೇಫ್ ಅಂತ ಸುಮ್ನೆ ಇದನ್ನು ಆರಿಸುವವರಿದ್ದಾರೆ. ಆದರೆ ಜಾಹೀರಾತು ಬರುವ ಪಾಡ್‌ಕಾಸ್ಟ್ ವ್ಯಾಪಾರವೋ ಅಲ್ಲವೋ? ಈ ಅನುಮಾನಕ್ಕೇ ಕೆಲವರು ಹಾಡಿನ ತಂಟೆಗೆ ಬರುವುದಿಲ್ಲ. ಕಂಪನಿಯೊಂದು ಕೇಳಿದರೆ ಪ್ರತ್ಯೇಕ ಒಪ್ಪಂದ ಮಾಡಿ ದುಡ್ಡು ಪಡೆಯಬಹುದು, ಅದು ಲಾಭ.

ಬೈ-ಎನ್‌ಡಿ: ಇದ್ದ ಹಾಗೇ ಹಂಚಬಹುದು, ಬದಲಿಸಿ ಹಂಚುವಂತಿಲ್ಲ. ವಿಡಿಯೊ ದೃಶ್ಯಕ್ಕೆ ಹಾಡು ಹೊಂದಿಸುವುದೂ ಬದಲಾವಣೆಯೇ! ಹಿನ್ನೆಲೆ ಸಂಗೀತವಾಗಲಿ ಎಂಬ ಆಸೆಯಿದ್ದರೆ ಇದು ಬೇಡ.

ಸಿಸಿ ಝೀರೊ: ಹೆಸರೂ ಬೇಡ ಅನ್ನುವವರಿಗೆ. ಡ್ರಮ್ ಲೂಪ್‌ಗೆ ಸರಿ. ಇಡೀ ಆಲ್ಬಮ್‌ಗೆ? ನಾನಂತೂ ಕೊಡೆನು.

ಒಮ್ಮೆ ಕೊಟ್ಟ ಲೈಸೆನ್ಸನ್ನು ಹಾಡು ಪಡೆದವರಿಂದ ವಾಪಸ್ ಕಿತ್ತುಕೊಳ್ಳಲಾಗದು. ಹಾಡು ಬಳಸಿದವರಿಂದ ದುಡ್ಡು ವಸೂಲಿ ಮಾಡಿಕೊಡುವ ರಾಯಲ್ಟಿ ಸಂಘದ ಸದಸ್ಯರಾಗಿದ್ದರೆ ಅದರ ನಿಯಮ ಮೊದಲು ಓದಿ. ಸದಸ್ಯರು ಸಿಸಿ ಲೈಸೆನ್ಸ್ ಕೊಡಲು ಕೆಲವು ಸಂಘಗಳು ಒಪ್ಪುವುದಿಲ್ಲ.