ಕೀ ಮ್ಯಾಚ್ ಮಾಡ್ತೀನಿ ಅಂದವನಿಗೆ 4500 ಕೊಟ್ಟು ಮಂಗ ಆದೆ

ತುಮಕೂರಿನಲ್ಲಿ ಟ್ರ್ಯಾಕ್ ಮಿಕ್ಸಿಂಗ್‌ಗೆ ಕೊಡಬೇಕು ಅಂತಿರುವವರು ಇದನ್ನು ಓದಿ. ನನಗೆ ಮಿಕ್ಸ್ ಮಾಡಿಕೊಟ್ಟವನ ಹೆಸರು ಹಾಕುವುದಿಲ್ಲ. ಊರಲ್ಲೇ ಇದ್ದಾನೆ, ಅಷ್ಟು ಸಾಕು.

ನಾನು ಎರಡು ಡೌನ್‌ಟೆಂಪೋ (ನಿಧಾನ ಲಯದ ಎಲೆಕ್ಟ್ರಾನಿಕ್ ಸಂಗೀತ) ಟ್ರ್ಯಾಕ್ ಮಾಡಿದ್ದೆ. ಮೊದಲನೆಯದು 84 ಬಿಪಿಎಂ, ಅಂದರೆ ನಿಮಿಷಕ್ಕೆ 84 ಬೀಟ್. ಅದರ ಕೀ, ಅಂದರೆ ಹಾಡು ನಿಂತಿರುವ ಶ್ರುತಿ ಮತ್ತು ಸ್ವರಗಳ ಗುಂಪು, ಎ ಮೈನರ್. ಅದರಲ್ಲಿ ನಮ್ಮಜ್ಜಿಯ ಸೋಬಾನೆ ಪದ ಇದೆ. ಗುಬ್ಬಿ ಹತ್ತಿರದ ಹಳ್ಳಿ ಮನೆಯಲ್ಲಿ ಫ್ಯಾನ್ ಆರಿಸಿ, ಕೋಳಿ ಓಡಿಸಿ, ಮೂರು ದಿನ ಕೂತು ರೆಕಾರ್ಡ್ ಮಾಡಿದ್ದು. ಎರಡನೆಯದು 89 ಬಿಪಿಎಂ, ಇ ಮೈನರ್. ಎರಡನ್ನೂ ಸೇರಿಸಿ ಹನ್ನೆರಡು ನಿಮಿಷದ ಒಂದೇ ಮಿಕ್ಸ್ ಬೇಕಿತ್ತು. ಯಾವ ಕೀಗೆ ಯಾವ ಕೀ ಕೂಡುತ್ತದೆ ಅಂತ 1ರಿಂದ 12ರವರೆಗಿನ ನಂಬರಿನಲ್ಲಿ ತೋರಿಸುವ ಕ್ಯಾಮೆಲಾಟ್ ಚಕ್ರದಲ್ಲಿ ಒಂದು 8ಎ, ಇನ್ನೊಂದು 9ಎ. ಅಕ್ಕಪಕ್ಕದ ಮನೆ. ಜಗಳವೇ ಇಲ್ಲ. ನಾನೇ ಮಾಡಿಕೊಳ್ಳಬಹುದಿತ್ತು, ಆದರೆ ಅಕ್ಕನ ಮಗುವಿನ ನಾಮಕರಣ ಹತ್ತಿರ ಬಂದಿತ್ತು. ಸೋಮಾರಿತನವೂ ಇತ್ತು, ಸುಳ್ಳು ಯಾಕೆ.

"ಕೀ, ಟೆಂಪೋ ಎರಡೂ ಕೈಯಲ್ಲೇ ಮ್ಯಾಚ್ ಮಾಡ್ತೀನಿ ಬ್ರೋ, ಟೆನ್ಷನ್ ಬೇಡ" ಅಂದ. 2000 ಅಡ್ವಾನ್ಸ್ ಹಾಕಿದೆ. ನಾಲ್ಕು ದಿನಕ್ಕೆ ಫೈಲ್ ಬಂತು. ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಫೋನ್ ಸ್ಪೀಕರಿನಲ್ಲೇ, ಮೊದಲ ಒಂದು ನಿಮಿಷ ಕೇಳಿದೆ. "ಸೂಪರ್ ಬ್ರೋ" ಅಂತ ಕಳಿಸಿ ಬಾಕಿ 2500 ಹಾಕಿಬಿಟ್ಟೆ. ಈ "ಸೂಪರ್ ಬ್ರೋ" ನೆನಪಾದಾಗಲೆಲ್ಲ ನನಗೇ ನಾಚಿಕೆ ಆಗುತ್ತದೆ.

ನಾಮಕರಣದ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಅಜ್ಜಿ ಎಲೆ ಮುಂದೆ ಕೂತು, ಒಬ್ಬಟ್ಟು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಇದ್ಯಾವ ಹುಡುಗೀನೋ ಹಾಡ್ತಿರೋದು?"

ಅಜ್ಜಿಗೆ ಅಜ್ಜಿಯದೇ ದನಿ ಗುರುತು ಸಿಗಲಿಲ್ಲ!

ಆಮೇಲೆ ಎರಡನೇ ಟ್ರ್ಯಾಕ್ ಒಳಗೆ ಬಂತು. ಸುಮಾರು ಮುಕ್ಕಾಲು ನಿಮಿಷ ಎರಡೂ ಒಟ್ಟಿಗೆ ಓಡುತ್ತವೆ. ನೆಂಟರೆಲ್ಲ ಮುಖ ಮುಖ ನೋಡಿಕೊಂಡರು. ಪಕ್ಕದಲ್ಲಿದ್ದ ಹಾರ್ಮೋನಿಯಂ ಮೇಷ್ಟ್ರು, ಹಳ್ಳಿಯಲ್ಲಿ ಪೌರಾಣಿಕ ನಾಟಕ ಕಲಿಸುವವರು, ರೆಕಾರ್ಡಿಂಗ್ ದಿನ ಅಜ್ಜಿಗೆ ಶ್ರುತಿ ಕೊಟ್ಟಿದ್ದು ಅವರೇ. "ಆರು ಮನೆಗೆ ಹಾಡಿದ್ದಲ್ವೇನಪ್ಪ? ಇದು ಆರೂವರೆಗೆ ಹೋಗೈತೆ. ಆ ಇನ್ನೊಂದು ಮೂರು ಮನೆ. ಹೆಂಗ್ ಕೂಡ್ತವೆ?" ಅಂದರು. ಮನೆ ಅಂದರೆ ಹಾರ್ಮೋನಿಯಂ ಲೆಕ್ಕದ ಶ್ರುತಿ; ಆರು ಅಂದರೆ ಎ, ಮೂರು ಅಂದರೆ ಇ. ಸಾಫ್ಟ್‌ವೇರ್ ಇಲ್ಲ, ಚಕ್ರ ಇಲ್ಲ, ಬರೀ ಕಿವಿ.

ಮನೆಗೆ ಬಂದು ಫೈಲ್ ತೆರೆದೆ. ಪೂರ್ತಿ ಮಿಕ್ಸ್ 89ರಲ್ಲೇ ಇದೆ. ಪುಣ್ಯಾತ್ಮ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಕದಲದಂತೆ ಹಿಡಿಯುವ ಬಟನ್) ಒತ್ತದೆ 84 ಅನ್ನು 89ಕ್ಕೆ ಎಳೆದಿದ್ದಾನೆ. ಅಂದರೆ ವೇಗ ಹತ್ತಿರಹತ್ತಿರ ಶೇ 6 ಜಾಸ್ತಿ. ಲಾಕ್ ಇಲ್ಲದಿದ್ದರೆ ಅಷ್ಟಕ್ಕೇ ಶ್ರುತಿ ಅರ್ಧ ಮನೆ ಮೇಲೇರುತ್ತದೆ. ಎ ಮೈನರ್ ಹೋಗಿ ಬಿ ಫ್ಲಾಟ್ ಮೈನರ್, 8ಎ ಹೋಗಿ 3ಎ. ಚಕ್ರವನ್ನು ಗಡಿಯಾರ ಅಂದುಕೊಳ್ಳಿ, 9ಕ್ಕೆ ನೇರ ಎದುರು 3. ಇದಕ್ಕಿಂತ ದೂರ ಹೋಗಲು ಜಾಗವೇ ಇಲ್ಲ! ಅಕ್ಕಪಕ್ಕದಲ್ಲಿದ್ದವರನ್ನು ದುಡ್ಡು ತಗೊಂಡು ದೂರ ಮಾಡಿದ್ದಾನೆ.

ಫೋನ್ ಮಾಡಿದೆ.

"ಸಾಫ್ಟ್‌ವೇರಲ್ಲಿ ಎರಡೂ ಹಸಿರು ತೋರಿಸ್ತಿತ್ತು ಬ್ರೋ."

ಹಸಿರು ಅಂದರೆ ಎರಡೂ ಕೂಡುತ್ತವೆ ಅಂತ. ಟೆಂಪೋ ಬದಲಾಯಿಸೋಕೆ ಮುಂಚೆ ನೋಡಿದ್ದಲ್ವಾ ಅದು, ಆಮೇಲೆ ನೋಡಿದ್ಯಾ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಡೌನ್‌ಟೆಂಪೋ ಅಂದ್ರೆ ಸ್ವಲ್ಪ ಹಂಗೇ ಬ್ರೋ, ಮೂಡಿ ಇರುತ್ತೆ." ಅಜ್ಜಿ ದನಿ ಮಗು ದನಿ ಆಗಿದೆ ಅಂದರೆ, "ಅದು ವೈಬ್." ಕೊನೆಗೆ, "ನೀವೇ ಸೂಪರ್ ಅಂದಿದ್ರಲ್ಲ, ಸ್ಕ್ರೀನ್‌ಶಾಟ್ ಇದೆ."

ಇದೆ. ಅದೇ ನನ್ನ ಸಂಕಟ.

ಯಾರಿಗೇ ಕೊಡಿ, ಎರಡೂ ಟ್ರ್ಯಾಕ್ ಒಟ್ಟಿಗೆ ಓಡುವ ಆ ಒಂದು ನಿಮಿಷವನ್ನು ಮೊದಲು ತರಿಸಿಕೊಂಡು ಹೆಡ್‌ಫೋನಿನಲ್ಲಿ ಕೇಳಿ. ಹಾರ್ಮೋನಿಯಂ ಆ್ಯಪ್ ತೆಗೆದು ನಿಮ್ಮ ಹಾಡಿನ ಸ ಒತ್ತಿ ನೋಡಿ. ಕೀ ಲಾಕ್ ಅಂದರೇನು ಅಂತ ಅವರನ್ನೇ ಕೇಳಿ, ತಡವರಿಸಿದರೆ ಎದ್ದು ಬನ್ನಿ. ಪೂರ್ತಿ ಕೇಳುವ ತನಕ ಬಾಕಿ ಹಾಕಬೇಡಿ. ಸೂಪರ್ ಅಂತೂ ಅನ್ನಲೇಬೇಡಿ.

ಇವತ್ತು ಬೆಳಗ್ಗೆ ಅವನದೇ ಮೆಸೇಜ್ ಬಂತು. ಕೀ ಸರಿ ಮಾಡಿಕೊಡುತ್ತಾನಂತೆ. 1500 ಎಕ್ಸ್‌ಟ್ರಾ ಅಂತೆ.