ಬಳ್ಳಾರಿಯವರೇ, ಮಸಾಜ್ ಪ್ಯಾಕೇಜಿಗೆ ದುಡ್ಡು ಕಟ್ಟೋ ಮೊದಲು ಇದನ್ನ ಓದಿ

ಸುಟ್ಟಿದ್ದು ಎಡಗಾಲಿನ ಅಂಗಾಲು. ಹೆಬ್ಬೆರಳಿನ ಬುಡದಲ್ಲಿ ಒಂದು ಗುಳ್ಳೆ, ಹಿಮ್ಮಡಿಯಲ್ಲಿ ಇನ್ನೊಂದು. ಹಿಮ್ಮಡಿಯದ್ದು ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಒಳಗೆ ನೀರು ತುಂಬಿಕೊಂಡು ಬಿಗಿದಿತ್ತು. ಸುಟ್ಟ ಮಸಾಜ್ ಸೆಂಟರಿನವರನ್ನ ಕೇಳಿದ್ರೆ ಬಂದ ಉತ್ತರ: "ಒಳಗಿನ ಉಷ್ಣ ಹೊರಗೆ ಬರ್ತಾ ಐತೆ ಅಮ್ಮಾ, ಒಳ್ಳೇದೇ ಆಯ್ತು. ಕೊಬ್ಬರಿ ಎಣ್ಣೆ ಹಚ್ಚಿ."

ಒಳ್ಳೇದೇ ಆಯ್ತಂತೆ!

ಕಾಲು ನಮ್ಮ ಅತ್ತಿಗೆಯ ತಾಯಿಯದು, ನಾವೂ ಅಮ್ಮ ಅಂತಲೇ ಕರೆಯೋದು. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಹಳೇದು, ಒಂದೆರಡು ವರ್ಷದಿಂದ ರಾತ್ರಿ ಹೊತ್ತು ಪಾದ ಉರಿ. ಬಳ್ಳಾರಿಯಲ್ಲಿ ಹೊಸದಾಗಿ ತೆರೆದ ಒಂದು ‘ಥೆರಪಿ ಸೆಂಟರ್’ ಬೋರ್ಡಿನಲ್ಲಿ ಮೊಣಕಾಲು ನೋವು, ಸೊಂಟ ನೋವು, ಕಾಲುರಿ, ಪಾರ್ಶ್ವವಾಯು, ಬೊಜ್ಜು ಎಲ್ಲಕ್ಕೂ ‘ಶಾಶ್ವತ ಪರಿಹಾರ’ ಅಂತ ಬರೆದಿತ್ತು. 10 ಸಿಟ್ಟಿಂಗ್, 15,000 ರೂಪಾಯಿ, ಪೂರ್ತಿ ಮುಂಗಡ. ‘ಇವತ್ತೇ ಕಟ್ಟಿದ್ರೆ ಎರಡು ಸಿಟ್ಟಿಂಗ್ ಫ್ರೀ.’ ಹೆಸರು ಹಾಕೋದಿಲ್ಲ, ದೂರು ಕೊಡೋ ಕೆಲಸ ನಡೀತಿದೆ. ಆದ್ರೆ ಇಂಥವು ನಮ್ಮೂರಲ್ಲಿ ಒಂದೇ ಇಲ್ಲ, ರಾಯಚೂರು, ಗಂಗಾವತಿ ಕಡೆಯೂ ಇದೇ ಧಾಟಿಯ ಬೋರ್ಡು ಎದ್ದಿವೆ. ಎಣ್ಣೆ ಹಚ್ಚೋ ಕೆಲಸದಲ್ಲೇ ಅನ್ನ ತಿನ್ನೋ ನಮ್ಮಂಥವರಿಗೆ ಇದನ್ನ ನೋಡಿದ್ರೆ ಸಿಟ್ಟಿಗಿಂತ ಮೊದಲು ನಾಚಿಕೆ ಆಗ್ತದೆ.

ಸಕ್ಕರೆ ಕಾಯಿಲೆಯವರ ಪಾದದ ವಿಷಯ ಮೊದಲು ಹೇಳಿಬಿಡ್ತೀನಿ. ಸಕ್ಕರೆ ಹೆಚ್ಚಾಗಿ ವರ್ಷಗಟ್ಟಲೆ ಇದ್ರೆ ಪಾದದ ನರಗಳು ಸೋಲ್ತವೆ. ಸೋಲ್ತಿರೋ ನರವೇ ಉರಿ, ಜುಮುಜುಮು ಅಂತ ತೋರಿಸೋದು. ಅದೇ ಪಾದಕ್ಕೆ ಹೊರಗಿನ ಬಿಸಿ ಸರಿಯಾಗಿ ತಿಳಿಯೋದಿಲ್ಲ. ಉರಿಯೂ ಇರ್ತದೆ, ಬಿಸಿಯೂ ತಿಳಿಯಲ್ಲ, ಎರಡೂ ಒಟ್ಟಿಗೆ. ಅಂಥ ಪಾದಕ್ಕೆ ಬಿಸಿ ಪೊಟ್ಟಣ ಒತ್ತಿ, "ಬಿಸಿ ಸಾಕಾ ಅಮ್ಮಾ?" ಅಂತ ಕೇಳಿದ್ರೆ "ಇನ್ನೂ ಸ್ವಲ್ಪ ಇರಲಿ" ಅಂತಾನೇ ಹೇಳ್ತಾರೆ. ಹೇಳಿದ್ರು ಕೂಡ. ಮಸಾಜ್ ಮಾಡೋ ಹುಡುಗಿ ಇನ್ನಷ್ಟು ಕಾಯಿಸಿ ತಂದು ಒತ್ತಿದಳು. ಮನೆಗೆ ಬಂದು ಚಪ್ಪಲಿ ಬಿಟ್ಟಾಗಲೂ ಗೊತ್ತಾಗಿಲ್ಲ, ಬೆಳಿಗ್ಗೆ ಮೊಮ್ಮಗಳು ನೋಡಿ ಕಿರುಚಿದ ಮೇಲೇ ಗೊತ್ತಾಗಿದ್ದು.

ಪೊಟ್ಟಣ ಅಂದ್ರೆ ಕಿಳಿ. ಸೊಪ್ಪೋ ಪುಡಿಯೋ ಕಟ್ಟಿದ ಬಟ್ಟೆ ಗಂಟು. ಬಾಣಲೆಯಲ್ಲಿ ಎಣ್ಣೆ ಹಾಕಿ ಕಾಯಿಸ್ತಾರೆ, ಎರಡು ಗಂಟು ಇಟ್ಟುಕೊಂಡು ಒಂದು ಒತ್ತುವಾಗ ಇನ್ನೊಂದು ಕಾಯ್ತಿರ್ತದೆ. ಮಾಡೋ ರೀತಿ ಹೀಗೆ: ಬಾಣಲೆಯಿಂದ ತೆಗೆದ ಗಂಟನ್ನ ಮೊದಲು ಮಾಡೋರು ತಮ್ಮ ಅಂಗೈ ಹಿಂಭಾಗಕ್ಕೆ ತಾಗಿಸಿ ನೋಡಬೇಕು, ಆಮೇಲೆ ಮಲಗಿದವರ ಕೈಗೆ. ಮೊದಲ ಸುತ್ತು ಬರೀ ತಟ್ಟಿ ತಟ್ಟಿ ಬೇಗ ಎತ್ತಬೇಕು, ಬಿಸಿ ಇಳಿದ ಮೇಲಷ್ಟೇ ಒತ್ತಿ ಹಿಡಿಯೋದು. 60 ಡಿಗ್ರಿ ಬಿಸಿ ಇದ್ರೆ ಚರ್ಮ ಸುಡೋಕೆ ಐದಾರು ಸೆಕೆಂಡ್ ಸಾಕು. ನಮ್ಮ ಅಜ್ಜಿಯರು ಬಾಣಂತಿಗೆ ಶಾಖ ಕೊಡುವಾಗಲೂ ಮೊದಲು ತಮ್ಮ ಕೆನ್ನೆಗೆ ಮುಟ್ಟಿಸಿಕೊಂಡು ನೋಡ್ತಿದ್ರು. ಇಲ್ಲಿ ಆ ಹುಡುಗಿ ಕೈಗೆ ಗ್ಲೌಸ್ ಹಾಕಿಕೊಂಡಿದ್ದಳು. ಗ್ಲೌಸ್ ಹಾಕಿದ ಕೈಗೆ ಏನು ಬಿಸಿ ತಿಳೀತದೆ? ಅವಳನ್ನ ಬೈದು ಫಲ ಇಲ್ಲ, ನಾಲ್ಕು ದಿನ ನೋಡಿಸಿ ಟೇಬಲ್ ಮುಂದೆ ನಿಲ್ಲಿಸಿದ್ರು ಅಂತ ಅವಳೇ ಹೇಳಿದಳು.

ಇನ್ನು ಫಾರಂ. ಇದನ್ನ ನೆನೆಸಿಕೊಂಡ್ರೆ ಈಗಲೂ ಮೈ ಉರೀತದೆ. ದೂರು ಹೇಳೋಕೆ ಹೋದಾಗ ಮ್ಯಾನೇಜರ್ ಡ್ರಾಯರಿನಿಂದ ಒಂದು ಫೈಲ್ ತೆಗೆದು ಟೇಬಲ್ ಮೇಲೆ ಇಟ್ಟ. "ನೋಡಿ ಮೇಡಂ, ಡಯಾಬಿಟಿಸ್ ಇಲ್ಲ ಅಂತ ನೀವೇ ಬರೆದೀರಿ." ಹೌದು, ‘ಸಕ್ಕರೆ ಕಾಯಿಲೆ’ ಅನ್ನೋ ಸಾಲಿನ ಮುಂದೆ ‘ಇಲ್ಲ’ಕ್ಕೆ ಟಿಕ್ ಇತ್ತು. ಬಿಪಿ ಇಲ್ಲ. ಆಪರೇಷನ್ ಇಲ್ಲ. ಮಾತ್ರೆ ಇಲ್ಲ. ಎಲ್ಲಾ ‘ಇಲ್ಲ’. ಕೆಳಗೆ ಅಮ್ಮನ ಸಹಿ. ಸಹಿ ಕಪ್ಪು ಇಂಕಿನಲ್ಲಿ, ಮೇಲಿನ ಟಿಕ್‌ಗಳು ನೀಲಿ ಇಂಕಿನಲ್ಲಿ, ಮೇಲಿಂದ ಕೆಳಗೆ ಒಂದೇ ಗೀಟು ಎಳೆದ ಹಾಗೆ ಓಡಿಸಿದ ಟಿಕ್‌ಗಳು. ಅಮ್ಮ ಆ ದಿನ ಬಾಯಿ ಬಿಟ್ಟು ಹೇಳಿದ್ರು, "ನಂಗೆ ಶುಗರ್ ಐತಮ್ಮ, ಬೆಳಿಗ್ಗೆ ಮಾತ್ರೆ ತಗೊಂಡೇ ಬಂದೀನಿ" ಅಂತ. ರಿಸೆಪ್ಷನ್ನಿನ ಹುಡುಗಿ "ಆಯ್ತಮ್ಮ, ಇಲ್ಲೊಂದು ಸೈನ್ ಹಾಕಿ" ಅಂದಳಂತೆ. ಖಾಲಿ ಫಾರಂಗೆ ಸಹಿ! ಇಷ್ಟೇ ಅಲ್ಲ, ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಯಾವುದೇ ತೊಂದರೆಗೆ ಸಂಸ್ಥೆ ಜವಾಬ್ದಾರಿಯಲ್ಲ’ ಅನ್ನೋ ಸಾಲೂ ಇತ್ತು.

"ಮೊದಲ ದಿನ ನಾಡಿ ನೋಡಿದ ಡಾಕ್ಟರ್ ಎಲ್ಲಿ, ಅವರನ್ನೇ ಕರೀರಿ" ಅಂದ್ವಿ. ಬಿಳಿ ಕೋಟು ಹಾಕಿ, ಕೈ ಹಿಡಿದು, ಕಣ್ಣು ಮುಚ್ಚಿ, "ವಾತ ಕೆರಳಿದೆ, ಹತ್ತು ಸಿಟ್ಟಿಂಗ್ ಬೇಕೇ ಬೇಕು" ಅಂದಿದ್ದ ಮಹಾಶಯ. ಮ್ಯಾನೇಜರ್ ಸ್ವಲ್ಪ ಹೊತ್ತು ಮೊಬೈಲ್ ನೋಡಿ ಹೇಳಿದ: "ಅವರು ಡಾಕ್ಟರ್ ಅಂತ ನಾವೆಲ್ಲೂ ಹೇಳಿಲ್ಲ ಮೇಡಂ. ಅವರು ಕನ್ಸಲ್ಟಂಟ್."

ಹೊಸದಾಗಿ ಹೋಗೋರು ಗಮನಿಸಿ. ಚಿಕಿತ್ಸೆ ಅಂತ ಮಾಡೋ ಜಾಗ ಆದ್ರೆ ಗೋಡೆ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಇರಬೇಕು. 2007ರ ಕಾಯ್ದೆ ಅದು, ಆಯುರ್ವೇದ ಕ್ಲಿನಿಕ್ಕಿಗೂ ಅನ್ವಯ ಆಗ್ತದೆ. ಆಯುರ್ವೇದ ವೈದ್ಯರಾಗಿದ್ರೆ ಬಿಎಎಂಎಸ್ ಪದವಿ ಓದಿರಬೇಕು, ನೋಂದಣಿ ಸಂಖ್ಯೆ ಚೀಟಿಯಲ್ಲೇ ಇರ್ತದೆ. ಫಿಸಿಯೋಥೆರಪಿ ಅಂದ್ರೆ ಬಿಪಿಟಿ ಪದವಿ. ಯಾವುದೂ ಇಲ್ಲ, ಬರೀ ಮೈಕೈ ಹಗುರ ಆಗೋಕೆ ಎಣ್ಣೆ ಹಚ್ಚೋ ಜಾಗ ಅಂದ್ರೆ ಅದೂ ತಪ್ಪಲ್ಲ, ಆದ್ರೆ ಆಗ ರೋಗದ ಹೆಸರು ಬೋರ್ಡಿನಲ್ಲಿ ಇರಬಾರದು. ಪಾರ್ಶ್ವವಾಯು, ಸಕ್ಕರೆ ಕಾಯಿಲೆ ವಾಸಿ ಮಾಡೋ ಔಷಧಿ ಇದೆ ಅಂತ ಜಾಹೀರಾತು ಕೊಡೋಕೆ 1954ರ ಕಾನೂನಿನಲ್ಲೇ ನಿಷೇಧ ಇದೆ.

ಮುಟ್ಟೋ ಮೊದಲು ಅವರು ನಿಮ್ಮನ್ನ ಕೇಳಬೇಕಾದ ಪ್ರಶ್ನೆಗಳಿವೆ. ಸಕ್ಕರೆ, ಬಿಪಿ, ಹೃದಯ. ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ (ಇದ್ರೆ ಗಟ್ಟಿ ಒತ್ತಿದ ಕಡೆ ಚರ್ಮದ ಒಳಗೆ ರಕ್ತ ಸೋರಿ ನೀಲಿ ಬಾವು ಬರ್ತದೆ). ಗರ್ಭಿಣಿಯಾ. ಇತ್ತೀಚೆಗೆ ಆಪರೇಷನ್ ಆಗಿದೆಯಾ, ಮೂಳೆ ಮುರಿದಿದೆಯಾ. ಜ್ವರ, ಚರ್ಮದ ಸೋಂಕು. ಉಬ್ಬಿದ ರಕ್ತನಾಳ. ಇನ್ನೊಂದನ್ನ ಯಾರೂ ಕೇಳಲ್ಲ, ನೀವೇ ಹೇಳಬೇಕು: ಒಂದೇ ಕಾಲು ಊದಿದೆ, ಮೀನಖಂಡ ನೋವು, ಮುಟ್ಟಿದ್ರೆ ಬಿಸಿ. ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ತಿಕ್ಕಿದ್ರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ. ಅಂಥ ಕಾಲಿಗೆ ಮಸಾಜ್ ಅಲ್ಲ, ಅವತ್ತೇ ಆಸ್ಪತ್ರೆ. ಈ ಪ್ರಶ್ನೆಗಳನ್ನ ಕೇಳದೇ "ಯಾವ ಪ್ಯಾಕೇಜ್ ಬೇಕು ಸಾರ್" ಅಂತ ಶುರು ಮಾಡಿದ್ರೆ ಎದ್ದು ಬನ್ನಿ. ನಮ್ಮ ಅಮ್ಮನನ್ನ ಕೇಳಲೇ ಇಲ್ಲ, ಅವರೇ ಹೇಳಿದ್ರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಣ್ಣೆದೂ ಒಂದು ಮೋಸ. ಚೀಟಿಯಲ್ಲಿ ‘ಧಾನ್ವಂತರಂ ತೈಲ’ ಅಂತ ಬರೆದಿದ್ರು. ಧಾನ್ವಂತರಂ ಎಳ್ಳೆಣ್ಣೆಯಲ್ಲಿ ಬೇರು ಕಷಾಯ, ಹಾಲು ಹಾಕಿ ಕುದಿಸಿದ್ದು, ಬಣ್ಣ ಗಾಢ, ವಾಸನೆ ಭಾರ. ಅಮ್ಮನ ಲಂಗದ ಮೇಲಿದ್ದ ಎಣ್ಣೆಗೆ ಬಣ್ಣವೂ ಇಲ್ಲ, ಎಳ್ಳಿನ ವಾಸನೆಯೂ ಇಲ್ಲ, ಕರ್ಪೂರ ಮತ್ತೆ ಸೆಂಟು ಮಾತ್ರ. ಬಾಟಲಿ ತೋರಿಸಿ ಅಂದ್ರೆ "ನಾವು ಬಲ್ಕ್‌ನಲ್ಲಿ ತರಿಸ್ತೀವಿ, ಬಾಟಲಿ ಇರಲ್ಲ". ಟೇಬಲ್ ಕೆಳಗೆ ಒಂದು ಪ್ಲಾಸ್ಟಿಕ್ ಬೇಸಿನ್ ಇತ್ತು, ಸೋರಿದ ಎಣ್ಣೆ ಅದರಲ್ಲಿ ಬೀಳ್ತಿತ್ತು, ಮೇಲೆ ಎರಡು ಉದ್ದ ಕೂದಲು ತೇಲ್ತಿದ್ವು. ಮೆಹೆಂದಿ ಬಣ್ಣದ ಕೂದಲು, ಅಮ್ಮನದು ಪೂರಾ ಬಿಳಿ. ಪಕ್ಕದಲ್ಲೇ ಸೌಟು. ಇದಕ್ಕಿಂತ ಹೆಚ್ಚು ಹೇಳಬೇಕಾ? ಒಬ್ಬರ ಮೈಗೆ ಬಳಸಿದ ಎಣ್ಣೆ ಇನ್ನೊಬ್ಬರಿಗೆ ಹಾಕಬಾರದು, ಚರ್ಮದ ಸೋಂಕು ಹಂಗೇ ದಾಟಬಹುದು. ಇಡೀ ಮೈಯ ಅಭ್ಯಂಗಕ್ಕೆ (ಎಣ್ಣೆ ಮಸಾಜಿಗೆ) ಬೇಕಾಗೋದು ನೂರು, ನೂರೈವತ್ತು ಎಂಎಲ್. ಸೀಲ್ ಇರೋ ಬಾಟಲಿ ನಿಮ್ಮ ಮುಂದೆ ಒಡೆಯಲಿ, ಇಲ್ಲಾಂದ್ರೆ ನೀವೇ ತಗೊಂಡು ಹೋಗಿ. ಬೇಡ ಅಂದ್ರೆ ಯಾಕೆ ಬೇಡ ಅಂತ ನಿಮಗೇ ತಿಳೀತದೆ. ಎಣ್ಣೆ ಕಾಯಿಸೋದೂ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು, ನೇರ ಒಲೆ ಮೇಲಲ್ಲ.

ಸ್ಟೀಮ್ ಪೆಟ್ಟಿಗೆ: ಹತ್ತರಿಂದ ಹದಿನೈದು ನಿಮಿಷ, ತಲೆ ಹೊರಗೆ, ಹಣೆ ಬೆವರಿದ್ರೆ ಸಾಕು. ಹೊರಗೆ ನಲವತ್ತು ದಾಟಿದ ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ ಸ್ಟೀಮ್ ಯಾಕೆ ಬೇಕೋ ದೇವರೇ ಬಲ್ಲ. ಬಿಪಿ ಮಾತ್ರೆ ತಗೊಳ್ಳೋರು ಒಳಗಿಂದ ಎದ್ದ ತಕ್ಷಣ ಕಣ್ಣು ಕತ್ತಲೆ ಬಂದು ಬೀಳಬಹುದು. ಒಂಬತ್ತು ಗಂಟೆಗೆ ತಿಂಡಿ ತಿಂದು ಒಂಬತ್ತೂವರೆಗೆ ಮಲಗೋದೂ ಬೇಡ, ಎರಡು ಗಂಟೆ ಬಿಡಿ.

ಕತ್ತು ಲಟಕ್ ಅನ್ನಿಸೋದು. ಇದು ಬೇಡ ಅಂದ್ರೆ ಬೇಡ. 2024ರಲ್ಲಿ ನಮ್ಮ ಬಳ್ಳಾರಿಯಲ್ಲೇ ಸೆಲೂನಿನಲ್ಲಿ ಕತ್ತು ತಿರುವಿಸಿಕೊಂಡ ಯುವಕನಿಗೆ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದದ್ದು ಪೇಪರಿನಲ್ಲಿ ಬಂದಿತ್ತು, ಅದೂ ಪುಕ್ಕಟೆ ಮಸಾಜ್. ಜೀನ್ಸ್ ಹೊಲಿಯೋರು, ದಿನಪೂರ್ತಿ ಮಿಷಿನ್ ಮೇಲೆ ಬಗ್ಗಿ ಕೂರೋರು ಕತ್ತು ನೋವಿಗೆ ಇದನ್ನೇ ಕೇಳಿ ಮಾಡಿಸಿಕೊಳ್ತಾರೆ. ಭುಜದ ಸ್ನಾಯು ಒತ್ತಿಸಿಕೊಳ್ಳಿ, ಕತ್ತು ತಿರುವೋಕೆ ಕೊಡಬೇಡಿ. ಕತ್ತಿನ ಮುಂಭಾಗ, ಕಂಕುಳು, ಮೊಣಕಾಲಿನ ಹಿಂಭಾಗದ ಗುಳಿ, ಬೆನ್ನುಮೂಳೆಯ ಮೇಲೆ ನೇರವಾಗಿ, ಇಲ್ಲೆಲ್ಲಾ ಗಟ್ಟಿ ಒತ್ತಬಾರದು. ಕಾಲಿಂದ ತುಳಿಸಿಕೊಳ್ಳೋ ಶೋಕಿ ಇರೋರಿಗೂ ಇದೇ ಮಾತು.

"ಡಿಸ್ಕ್ ಒಳಗೆ ಕೂರಿಸ್ತೀವಿ" ಅನ್ನೋದು ಸುಳ್ಳು. ಮಸಾಜಿನಿಂದ ಬಿಗಿದ ಸ್ನಾಯು ಸಡಿಲ ಆಗ್ತದೆ, ನೋವು ಸ್ವಲ್ಪ ದಿನ ತಗ್ಗುತ್ತದೆ, ನಿದ್ದೆ ಬರ್ತದೆ. ಇಷ್ಟೇ, ಇದು ಕಡಿಮೆಯೇನಲ್ಲ. ಹೊಸದಾಗಿ ಹಿಡಿದ ಸೊಂಟ ನೋವು ಬಹಳ ಜನಕ್ಕೆ ನಾಲ್ಕಾರು ವಾರದಲ್ಲಿ ತಾನೇ ಇಳೀತದೆ. ಹತ್ತು ಸಿಟ್ಟಿಂಗ್ ಪ್ಯಾಕೇಜೂ ಸರಿಯಾಗಿ ಅಷ್ಟೇ ಹೊತ್ತು ನಡೀತದೆ, ಹೆಸರು ಅವರಿಗೆ! ಒತ್ತಿದ ಮೇಲೆ ಒಂದೆರಡು ದಿನ ಮೈಕೈ ನೋವು ಇರ್ತದೆ, ಅದು ಸಹಜ. ಗುಳ್ಳೆ, ನೀಲಿಗಟ್ಟಿದ ಗುರುತು, ಜೋಮು, ಕೈಕಾಲು ಬಲ ಕಮ್ಮಿ ಆಗೋದು ಸಹಜ ಅಲ್ಲ, ಅದು ‘ವಿಷ ಹೊರಗೆ ಬರೋದು’ ಅಲ್ಲವೇ ಅಲ್ಲ. ಸೊಂಟ ನೋವಿನ ಜೊತೆ ತೊಡೆ ಸಂದಿ ಜೋಮು ಹಿಡಿದು ಮೂತ್ರ ನಿಂತರೆ ಎಣ್ಣೆ ಮುಟ್ಟಲೇಬೇಡಿ, ಸೀದಾ ದೊಡ್ಡಾಸ್ಪತ್ರೆಗೆ.

ಪಂಚಕರ್ಮವೇ ಬೇಕಿದ್ರೆ ಬಳ್ಳಾರಿಯಲ್ಲಿ ತಾರಾನಾಥ ಸರ್ಕಾರಿ ಆಯುರ್ವೇದ ಕಾಲೇಜು ಇದೆ, ಕೊಪ್ಪಳದವರಿಗೆ ಗವಿಸಿದ್ಧೇಶ್ವರ ಆಯುರ್ವೇದ ಕಾಲೇಜು ಇದೆ. ಎಸಿ ಇಲ್ಲ, ಬುದ್ಧನ ಗೊಂಬೆ ಇಲ್ಲ, ಸಾಲಿನಲ್ಲಿ ಕಾಯಬೇಕು. ಆದ್ರೆ ಮೊದಲು ಡಾಕ್ಟರ್ ನೋಡ್ತಾರೆ.

ದುಡ್ಡಿನ ವಿಷಯಕ್ಕೆ ಬಂದ್ರೆ, ಉಳಿದ ಸಿಟ್ಟಿಂಗಿನ ಹಣ ಕೇಳಿದಾಗ ವಾಟ್ಸಾಪಿನಲ್ಲಿ ಬಂದ ಉತ್ತರಗಳು ಸಾಲಾಗಿ ಹೀಗಿವೆ. "ಪ್ಯಾಕೇಜ್ ರಿಫಂಡ್ ಇಲ್ಲ ಮೇಡಂ." ಆಮೇಲೆ, "ಬೇಕಿದ್ರೆ ಮನೆಯಲ್ಲಿ ಬೇರೆ ಯಾರಿಗಾದ್ರೂ ಟ್ರಾನ್ಸ್‌ಫರ್ ಮಾಡಿಕೊಡ್ತೀವಿ." ಸುಟ್ಟ ಪಾದದ ಫೋಟೋ ಕೆಳಗೇ ಈ ಉತ್ತರ! ಆಮೇಲೆ, "ಫೇಶಿಯಲ್ ಕಾಂಪ್ಲಿಮೆಂಟರಿ ಕೊಡ್ತೀವಿ." ಕೊನೆಗೆ, ಗೂಗಲ್‌ನಲ್ಲಿ ಒಂದು ಸ್ಟಾರ್ ಹಾಕಿದ ಮೇಲೆ, "ರಿವ್ಯೂ ಡಿಲೀಟ್ ಮಾಡಿ, ಅರ್ಧ ಅಮೌಂಟ್ ಹಾಕ್ತೀವಿ." ಬಿಲ್ ಕೇಳಿದ್ರೆ ಬಿಲ್ಲೇ ಇಲ್ಲ. ಯುಪಿಐ ಹೋಗಿದ್ದು ಸೆಂಟರ್ ಹೆಸರಿಗಲ್ಲ, ಯಾರದೋ ಸ್ವಂತ ಖಾತೆಗೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರೋದೇ ಅನುಚಿತ ವ್ಯಾಪಾರ. ಕೆಟ್ಟ ಸೇವೆ ನಿಲ್ಲಿಸಿ ಹಣ ವಾಪಸ್ ಕೊಡೋಕೆ ಒಪ್ಪದಿರೋದೂ ಅದೇ ಪಟ್ಟಿಯಲ್ಲಿದೆ, ಬಿಲ್ಲಿನಲ್ಲಿ ಗಡುವು ಬರೆದಿಲ್ಲ ಅಂದ್ರೆ 30 ದಿನ ಲೆಕ್ಕ. ‘ರಿಫಂಡ್ ಇಲ್ಲ’ ಅಂತ ಗೋಡೆಗೆ ಅಂಟಿಸಿದ ಮಾತ್ರಕ್ಕೆ ಮುಗೀಲಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 5 ಲಕ್ಷದ ಒಳಗಿದ್ರೆ ಅರ್ಜಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ಗಾಯದ ಫೋಟೋ, ಸರ್ಕಾರಿ ಆಸ್ಪತ್ರೆಯ ಓಪಿಡಿ ಚೀಟಿ, ಇಷ್ಟು ಜೋಡಿಸಿಕೊಳ್ಳಿ. ಫಾರಂಗೆ ಸಹಿ ಹಾಕುವಾಗಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಖಾಲಿ ಇರೋ ಸಾಲಿಗೆ ಅಡ್ಡ ಗೆರೆ ಎಳೆಯಿರಿ. ಸುಟ್ಟಿದ್ದು ಆಗಲೇ ಗೊತ್ತಾದ್ರೆ ಹರಿಯೋ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ. ಕೊಬ್ಬರಿ ಎಣ್ಣೆ, ಪೇಸ್ಟ್, ಅರಿಶಿನ ಯಾವುದೂ ಬೇಡ, ಗುಳ್ಳೆ ಒಡೀಬೇಡಿ, ಸಕ್ಕರೆ ಇದ್ರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಅಮ್ಮನಿಗೆ ಈಗ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ನಾಲ್ಕು ಜನ ಕೇಳಿದ್ರೆ ನಗ್ತಾರೆ ಅಂತ ನೆಂಟರಿಗೆಲ್ಲಾ ‘ಬಿಸಿನೀರು ಬಿತ್ತು’ ಅಂತಾನೇ ಹೇಳ್ತಿದ್ದಾರೆ. ರಿವ್ಯೂ ಮಾತ್ರ ಹಾಗೇ ಇದೆ. ಅದರ ಕೆಳಗೆ ಸೆಂಟರಿನವರ ಉತ್ತರವೂ ಬಂದಿದೆ: "ಇವರು ನಮ್ಮ ಕಸ್ಟಮರ್ ಅಲ್ಲವೇ ಅಲ್ಲ."